ಮಿಸ್ತ್ರಿಯ ಬಲಗಾಲು

ನಲವತ್ತು ವರ್ಷ ಕಾರು ಓಡಿಸಿದ ನನಗೆ ಬ್ರೇಕಿನ ಬಗ್ಗೆ ಒಂದಕ್ಷರವೂ ಗೊತ್ತಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ಆಳಂದದ ಕೋರ್ಟಿನಲ್ಲಿ ಮಾತು ಮಾರಿ ಹೊಟ್ಟೆ ಹೊರೆದವನು ನಾನು. ಅಪ್ಪ ಬಿಟ್ಟುಹೋದ ಹಳೇ ಕಾರಿನ ಪೆಡಲು ಒತ್ತಿದರೆ ಗಾಡಿ ನಿಲ್ಲಬೇಕು, ಅಷ್ಟೇ ನನ್ನ ಜ್ಞಾನ. ಉಳಿದದ್ದೆಲ್ಲ ಸಿದ್ರಾಮಪ್ಪ ಮಿಸ್ತ್ರಿಯ ಬಲಗಾಲಿಗೆ ಗೊತ್ತಿತ್ತು.

ಹೌದು, ಕಾಲಿಗೇ. ಗ್ಯಾರೇಜಿನ ಮುಂದೆ ಗಾಡಿ ನಿಂತ ಕೂಡಲೇ ನನ್ನನ್ನು ಇಳಿಸಿ, ತಾನು ಕೂತು, ಚಪ್ಪಲಿ ಕಳಚಿ ಬರಿಗಾಲಲ್ಲಿ ಪೆಡಲು ಒತ್ತುತ್ತಿದ್ದ. ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚುತ್ತಿದ್ದ. ಅವನ ಲೆಕ್ಕದಲ್ಲಿ, ಪೆಡಲು ಮೆತ್ತಗೆ ಪುಟಿದರೆ ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದೆ. ಬ್ರೇಕ್ ಆಯಿಲ್ ಎಷ್ಟು ಒತ್ತಿದರೂ ಕುಗ್ಗುವುದಿಲ್ಲ; ಗಾಳಿ ಮಾತ್ರ ನನ್ನ ಸಾಕ್ಷಿದಾರರಂತೆ ತುಸು ಒತ್ತಿದರೆ ಕುಗ್ಗಿಬಿಡುತ್ತದೆ. ಒತ್ತಿ ಹಿಡಿದ ಪೆಡಲು ಸದ್ದಿಲ್ಲದೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿದೆ. ಅವನ ತೀರ್ಪಿನ ಮೇಲೆ ಅಪೀಲು ಹೋದವರನ್ನು ನಾನು ಕಂಡಿಲ್ಲ.

ಕಳೆದ ತಿಂಗಳು ನಿಂಬರ್ಗಾದಿಂದ ಬರುವಾಗ ಬ್ರೇಕು ತಡವಾಗಿ ಹಿಡಿದು, ತೊಗರಿ ಹೇರಿದ ಟ್ರಾಕ್ಟರಿಗೆ ಗೇಣು ದೂರದಲ್ಲಿ ನಿಂತೆ. ಅಲ್ಲಿಂದ ನೇರ ಮಿಸ್ತ್ರಿಯ ಬಳಿ ಹೋದೆ. "ಏರ್ ಹಿಡದದ್ರಿ ವಕೀಲ್‌ಸಾಬ್," ಎಂದ. ನಾಲ್ಕೂ ಚಕ್ರದ ಬ್ರೇಕ್ ಪೈಪಿನಿಂದ ಗಾಳಿ ತೆಗೆದ. ಮರುದಿನ ಮತ್ತೆ ಅದೇ ಕತೆ, ಮತ್ತೆ ತೆಗೆದ. ಮೂರನೆಯ ಸಲ ನಾನು ಬಾಗಿಲಲ್ಲೇ ನಿಂತು ನೋಡಿದೆ. ಅವನ ಕಾಲಡಿಯಲ್ಲಿ ಪೆಡಲು ನಿಧಾನವಾಗಿ ನೆಲ ಮುಟ್ಟುತ್ತಿತ್ತು. ನನ್ನಂಥ ದಡ್ಡನಿಗೂ ಅದು ಕಾಣುತ್ತಿತ್ತು. ಅವನು ಕಣ್ಣು ಮುಚ್ಚಿ, "ಏರೇ ಅದ," ಎಂದ.

ಆಗಲೇ ಕಂಡದ್ದು, ಅವನ ಹೆಬ್ಬೆರಳ ಬುಡದಲ್ಲಿ ಹಸಿ ಸುಟ್ಟಗಾಯ.

"ಸಿದ್ರಾಮಪ್ಪ, ಕಾಲು ಸುಟ್ಟದಲ್ಲೋ!"

ಬಗ್ಗಿ ನೋಡಿಕೊಂಡ. "ಸೈಲೆನ್ಸರ್ ತಾಗಿರ್ಬೇಕ್ರಿ. ಗೊತ್ತೇ ಆಗಿಲ್ಲ." ಗಾಯವನ್ನು ಬೆರಳಿಂದ ಒತ್ತಿ ನೋಡುತ್ತ ಹೇಳಿದ: "ಶುಗರ್ ಬಂದಾಗಿಂದ ಕಾಲಿಗೆ ಏನೂ ತಿಳಿವಲ್ದು. ವರ್ಷ ಆತು, ಅಂದಾಜಿನ ಮ್ಯಾಲೇ ಹೇಳಾಕತ್ತೇನಿ. ಕಾಲು ಹೋತಂದ್ರ ನನ್ನ ಕೆಲಸಾನೂ ಹೋತಲ್ರಿ."

ಅವನ ಅಂದಾಜು ನಂಬಿ ಊರ ಮಂದಿ ಗಾಡಿ ಓಡಿಸಿದ್ದಾರೆ, ಬೈಯಬೇಕಿತ್ತು. ಬೈಯುವ ಬದಲು ನನ್ನ ಚಪ್ಪಲಿ ಕಳಚಿದೆ.

"ನೀ ಇಳಿ. ನಾ ಒತ್ತತೇನಿ."

"ಹ್ಯಾಂಗದ ಹೇಳ್ರಿ?"

"ಮೆತ್ತಗ."

"ಮೆತ್ತಗಂದ್ರ? ಪುಟೀತದೋ, ಜಾರ್ತದೋ?"

ಒತ್ತಿ ಹಿಡಿದು ಕಾದೆ. "ಜಾರ್ತದ. ಎರಿ ಹೊಲದ ಕರಿ ಕೆಸರಿನಾಗ ಕಾಲು ಇಳಿದಂಗ."

"ಹಂಗಾದ್ರ ವಾಷರ್!" ಎಂದವನ ಮುಖ ವರ್ಷದ ಬಳಿಕ ಮೊದಲ ಸಲ ಅರಳಿತೇನೋ. ಕೈ ಇನ್ನೂ ಗಟ್ಟಿಯಿತ್ತು. ಸಿಲಿಂಡರ್ ಬಿಚ್ಚಿ, ಹೊಸ ವಾಷರ್ ಹಾಕಿ, ಗಾಳಿ ತೆಗೆದ.

"ಇನ್ನ ಬಂದವ್ರಿಗೆಲ್ಲ ಇದ್ದದ್ದು ಹೇಳಿಬಿಡ್ತೇನಿ. ಒತ್ತೂದು ಅವ್ರು, ಮಾಡೂದು ನಾನು," ಎಂದ. ಆಮೇಲೆ ತುಸು ಸಂಕೋಚದಿಂದ, "ಈಗ ಹ್ಯಾಂಗದ್ರಿ?"

"ಗಟ್ಟಿ ಅದ."

"ಇನ್ನೊಮ್ಮೆ ಒತ್ರಿ. ಎಷ್ಟು ಗಟ್ಟಿ, ಬರೋಬ್ಬರಿ ಹೇಳ್ರಿ."

ಒತ್ತಿದೆ, ಹೇಳಿದೆ. ಮತ್ತೆ ಕೇಳಿದ, ಮತ್ತೆ ಹೇಳಿದೆ. ಬ್ರೇಕು ಸರಿಯಾಗಿ ಬಹಳ ಹೊತ್ತಾಗಿತ್ತು. ಅವನು ಕೇಳುತ್ತಿದ್ದುದು ಬ್ರೇಕಿಗಾಗಿ ಅಲ್ಲ ಎಂದು ಗೊತ್ತಿದ್ದರಿಂದ ನಾನು ಒತ್ತುತ್ತಲೇ ಇದ್ದೆ.