ಕೌದಿ ಒಗೆಯುವ ನೀರು

ವಾಡಿಯ ಸಿಮೆಂಟು ಕಾರ್ಖಾನೆಯ ಮೊದಲ ಪಾಳಿಯ ಭೋಂಗಾ ಇನ್ನೂ ಕೂಗಿಲ್ಲ. ದೊಡ್ಡ ಸಾಹೇಬರ ಬಂಗಲೆಯ ಹಿತ್ತಿಲಲ್ಲಿ ಬಂದೇಅಲಿಯವರು ಈಜುಕೊಳದ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದಾರೆ. ರಾತ್ರಿಯೆಲ್ಲ ಚಿಮಣಿಯಿಂದ ಇಳಿದ ಧೂಳು ನೀರಿನ ಮೇಲೆ ತೆಳ್ಳಗೆ ಪೊರೆ ಕಟ್ಟಿದೆ. ಗಾಳಿ ಏಳುವುದರೊಳಗೆ ಅದನ್ನು ತೆಗೆಯಬೇಕು. ಉದ್ದನೆಯ ಗಳುವಿನ ತುದಿಗೆ ಚೌಕಟ್ಟು, ಚೌಕಟ್ಟಿಗೆ ಬಿಗಿದ ಹಳೆಯ ಮಲ್‌ಮಲ್ ಬಟ್ಟೆ. ಅದನ್ನು ನೀರಿನ ಮೈ ಸವರುವಂತೆ ಎಳೆಯುತ್ತ, ಎಡಗಾಲು ಸ್ವಲ್ಪ ಕುಂಟುತ್ತ, ಅವರು ಅಂಚಿನುದ್ದಕ್ಕೂ ನಡೆಯುತ್ತಾರೆ.

"ಹಾಲಿನ ಕೆನಿ ತಗದಂಗ ತಗೀಬೇಕ್ರಿ. ಕಲಕಿದ್ರ ಹೋತು, ತಳಕ್ಕ ಕೂತು ಕಲ್ಲಾಗ್ತದ. ಸಿಮೆಂಟ್ ಅಲ್ಲೇನ್ರಿ ಅದು, ನೀರು ಕಂಡ್ರ ಸುಮ್ಮನ ಬಿಡ್ತದ?" ಎನ್ನುತ್ತಾರೆ.

ಪೊರೆ ಸರಿದಂತೆ ಅಡಿಯ ನೀರು ಕಾಣುತ್ತದೆ. ಇಂದು ಅದು ಎಂದಿನಂತೆ ನೀಲಿಯಾಗಿಲ್ಲ, ತಿಳಿಹಸಿರಿಗೆ ತಿರುಗಿದೆ. ಬಂದೇಅಲಿ ಅದನ್ನು ನೋಡಿಯೂ ನೋಡದವರಂತೆ ಮುಂದೆ ಹೋಗುತ್ತಾರೆ. ಮೂಲೆಯಲ್ಲಿರುವ ಬ್ಲೀಚಿಂಗ್ ಪುಡಿಯ ಡಬ್ಬಿಯ ಮುಚ್ಚಳವನ್ನು ಅವರು ವಾರದಿಂದ ತೆಗೆದಿಲ್ಲ. ಮುಂಬಯಿಗೆ ಹೋಗಿದ್ದ ಸಾಹೇಬರು ನಿನ್ನೆ ಸಂಜೆಯ ಗಾಡಿಗೆ ಮರಳಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಈಜಲು ಬರುತ್ತಾರೆ.

ಬಂದೇಅಲಿ ಚಿತ್ತಾಪುರದ ಕಡೆಯವರು. ಹರೆಯದಲ್ಲಿ ಶಹಾಬಾದಿನ ಕಲ್ಲುಗಣಿಯಲ್ಲಿ ಫರಸಿ, ಅಂದರೆ ಹಾಸುಗಲ್ಲು, ಎಬ್ಬಿಸುತ್ತಿದ್ದರು. ಒಂದು ಫರಸಿ ಕಾಲಿನ ಮೇಲೆಯೇ ಬಿದ್ದ ಮೇಲೆ ಗಣಿ ತಪ್ಪಿತು. ಆಗ ಈ ಬಂಗಲೆಯಲ್ಲಿ ಕೊಳ ಕಟ್ಟುತ್ತಿದ್ದರು. ತಳಕ್ಕೂ ಗೋಡೆಗೂ ಶಹಾಬಾದಿ ಕಲ್ಲೇ ಬೇಕೆಂದಾಗ, ಕೂತು ಕಲ್ಲು ಕೂಡಿಸಲು ಬಂದವರು ಇಲ್ಲಿಯೇ ಉಳಿದರು. ಸಾಹೇಬರುಗಳು ಬದಲಾದರು, ಕೊಳ ಅವರ ಪಾಲಿಗೇ ಉಳಿಯಿತು. ಊರಿನವರ ಬಾಯಲ್ಲಿ ಅದು ಬಂದೇಅಲಿಯ ಹೌಜು. ಅವರಿಗೆ ಈಜು ಬರುವುದಿಲ್ಲ.

ಕೆಲಸ ಮೇಲಿನ ಧೂಳಿಗೆ ಮುಗಿಯುವುದಿಲ್ಲ. ನೀರಿಗೆ ಬಿದ್ದ ಜೇನುನೊಣಗಳನ್ನು ಎಲೆಯ ಮೇಲೆ ಎತ್ತಿ ಬಿಸಿಲಿಗಿಡಬೇಕು. ಗೋಡೆಯ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಆಮ್ಲ ತಾಗಿಸುವಂತಿಲ್ಲ, ಶಹಾಬಾದಿ ಕಲ್ಲು ಮೂಲತಃ ಸುಣ್ಣದ ಕಲ್ಲು, ಆಮ್ಲ ಬಿದ್ದಲ್ಲೆಲ್ಲ ನೊರೆಯುಕ್ಕಿ ಕಲ್ಲೇ ಕರಗುತ್ತದೆ. ಕೆಲವು ತಿಂಗಳಿಗೊಮ್ಮೆ ಕೊಳ ಬರಿದು ಮಾಡಿ ಕಲ್ಲಿನ ಸಂದುಗಳಿಗೆ ಹೊಸ ಗಾರೆ ತುಂಬಬೇಕು. ಬರಿದಾಗುವ ನೀರು ಗೋಡೆಯಡಿಯ ಕಲ್ಲುಕಾಲುವೆಯಲ್ಲಿ ಹಾದು ಹಿಂದಿನ ಹಳ್ಳಕ್ಕೆ ಸೇರುತ್ತದೆ.

ಊರಿನ ಹೆಣ್ಣುಮಕ್ಕಳಿಗೆ ಬೇಕಾದದ್ದು ಈ ನೀರು. ಮಹಾನವಮಿಗೆ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆ, ಕೌದಿಗಳೆಲ್ಲ ಒಗೆದು ಒಣಗಬೇಕು. ವಾಡಿಯ ಬಾವಿನೀರು ಗಡಸು, ಎಷ್ಟು ತಿಕ್ಕಿದರೂ ಸಾಬೂನು ನೊರೆ ಬಿಡದು. ಗಣಿಹೊಂಡದ ನೀರಲ್ಲಿ ಅದ್ದಿದ ಕೌದಿ ಒಣಗಿದರೆ ಹಪ್ಪಳದಂತೆ ಸೆಟೆಯುತ್ತದೆ. ಹೌಜಿನದು ಕಾಗಿಣಾ ಹೊಳೆಯಿಂದ ಕಾರ್ಖಾನೆಗೆ ಬರುವ ನೀರು, ಅದರ ಮೇಲೆ ಶ್ರಾವಣ ಭಾದ್ರಪದದ ಮಳೆಯೂ ಬೆರೆತು ಮೆದುವಾಗಿರುತ್ತದೆ. ಹೀಗಾಗಿ ವರ್ಷದಲ್ಲಿ ಒಂದು ಸಲವಾದರೂ ಕೊಳ ಬರಿದಾಗುವುದು ಮಹಾನವಮಿಯ ಮುಂದೆಯೇ ಎಂದು ಬಂದೇಅಲಿ ಸದ್ದಿಲ್ಲದೆ ಗೊತ್ತು ಮಾಡಿಕೊಂಡಿದ್ದಾರೆ.

ಮೊದಲ ವರ್ಷ ಅವರಿಗೊಂದು ಸಂಗತಿ ಹೊಳೆದಿರಲಿಲ್ಲ. ಹಿಂದಿನ ದಿನವಷ್ಟೇ ಪುಡಿ ಹಾಕಿದ ನೀರನ್ನು ಬಿಟ್ಟರು. ಕಾಲುವೆಯ ದಡದಲ್ಲಿ ಎಲ್ಲರಿಗಿಂತ ಮೇಲೆ ಕೂತವಳು ಭಾಗಮ್ಮ. ತೀರಿಹೋದ ತಾಯಿಯ ಕೆಂಪು ಸೀರೆಯ ತುಂಡುಗಳನ್ನು ಕೂಡಿಸಿ ಆಕೆ ಹೊಲಿದ ಕೌದಿ ಒಣಗುವಷ್ಟರಲ್ಲಿ ಅಲ್ಲಲ್ಲಿ ಬೆಳ್ಳಗಾಗಿತ್ತು. ಆಕೆ ಬೈಯಲಿಲ್ಲ. ಕೌದಿಯನ್ನು ತಂದು ಬಂಗಲೆಯ ಹಿಂಬಾಗಿಲಲ್ಲಿ ಹರವಿ, "ನೋಡ್ರಿ ಬಂದೇಅಲಿ ಭಾಯಿ, ನಿಮ್ಮ ಸಾಹೇಬರ ನೀರಾಗ ನಮ್ಮವ್ವಗ ತಲಿ ನರೀತು" ಎಂದಳು.

"ಬೈದಿದ್ರ ಛಲೋ ಇತ್ತು," ಎನ್ನುತ್ತಾರೆ ಬಂದೇಅಲಿ. "ಆಕಿ ನಕ್ಕಳ್ರಿ. ಅವತ್ತು ರೊಟ್ಟಿ ಇಳೀಲಿಲ್ಲ ಗಂಟಲಾಗ."

ಅಂದಿನಿಂದ ಅವರ ರೂಢಿ ಇದು: ನೀರು ಬಿಡುವ ವಾರ ಮೊದಲೇ ಪುಡಿ ನಿಲ್ಲಿಸುವುದು. ಬಿಸಿಲಿಗೆ ಅದರ ಕಟುವೆಲ್ಲ ಹಾರಿಹೋಗುತ್ತದೆ. ಕಟು ಹೋದಂತೆ ನೀರು ಹಸಿರಾಗುತ್ತದೆ. ಹಸಿರಾದರೆ ಕೌದಿಗೆ ಕ್ಷೇಮ ಎಂದು ಅರ್ಥ.

ಈ ವರ್ಷ ಬಂಗಲೆಗೆ ನೀರು ಸೋಸುವ ಯಂತ್ರ ಬಂದಿದೆ. ಇನ್ನು ಮೇಲೆ ನೀರು ಬದಲಿಸುವ ಅಗತ್ಯವೇ ಇಲ್ಲ. ಸಾಹೇಬರು ಮುಂಬಯಿಗೆ ಹೊರಟಾಗ ಬಂದೇಅಲಿ ಜೀಪಿನ ಹತ್ತಿರ ಹೋಗಿ, ಮಹಾನವಮಿಗೆ ಒಮ್ಮೆ ನೀರು ಬಿಡಲೇ ಎಂದು ಕೇಳಿದ್ದರು. "ಬಂದ ಮೇಲೆ ನೋಡೋಣ" ಎಂದಷ್ಟೇ ಉತ್ತರ ಬಂದಿತ್ತು. ತೋಟದ ಖಂಡಪ್ಪ ಅಂದಿನಿಂದ ಅವರನ್ನು ಕೆಣಕುತ್ತಲೇ ಇದ್ದಾನೆ: "ಹೌಜು ಹಸರ ಮಾಡಿ ಕುಂತೀರಿ. ಸಾಹೇಬರು ಬಂದು ಎಮ್ಮಿ ಕಟ್ಟು ಅಂತಾರ ನೋಡ್ರಿ ಅದರಾಗ."

ಸಾಹೇಬರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲಿಳಿದು ಬರುತ್ತಾರೆ. ನೀರು ಕಂಡು ನಿಲ್ಲುತ್ತಾರೆ. ಅವರದು ಹಿಂದಿ, ಬಂದೇಅಲಿಯವರದು ಮನೆಮಾತಿನ ದಖನಿ ಉರ್ದು.

"ಮಷಿನ್ ಕೆಟ್ಟಿದೆಯೇ?"

"ಇಲ್ಲ ಸಾಬ್, ಮಷಿನ್ ಚೆನ್ನಾಗಿದೆ. ನಾನೇ ಪುಡಿ ಹಾಕಿಲ್ಲ."

"ಬಂದ ಮೇಲೆ ನೋಡೋಣ ಎಂದಿದ್ದೆನಲ್ಲ?"

"ಹೌದು ಸಾಬ್. ನೀವು ಬೇಡ ಅಂದರೆ ಈಗಲೇ ಹಾಕುತ್ತೇನೆ, ನಾಳಿದ್ದು ತಿಳಿಯಾಗುತ್ತದೆ. ಮೊದಲೇ ಹಾಕಿಬಿಟ್ಟಿದ್ದರೆ, ನೀವು ಹೂಂ ಅಂದರೂ ಆ ನೀರು ಅವರ ಉಪಯೋಗಕ್ಕೆ ಬರುತ್ತಿರಲಿಲ್ಲ."

ಸಾಹೇಬರು ಒಂದು ಕಾಲು ನೀರಿಗಿಟ್ಟು ಹಿಂದೆ ತೆಗೆಯುತ್ತಾರೆ. ಗೋಡೆಯಾಚೆ ಆಗಲೇ ಬಳೆ ಸದ್ದು, ಮಾತು. ಭಾಗಮ್ಮನ ಕಂಠ ಎಲ್ಲಕ್ಕೂ ಮೇಲೆ ಕೇಳುತ್ತದೆ: "ಭಾಯಿ, ಏನಂತೀರಿ? ಕೂಡೋಣೋ, ಹೋಗೋಣೋ?"

ಬಂದೇಅಲಿ ಸಾಹೇಬರ ಕಡೆ ತಿರುಗುತ್ತಾರೆ.

"ಏನು ಕೇಳುತ್ತಿದ್ದಾರೆ?" ಸಾಹೇಬರಿಗೆ ಕನ್ನಡ ಬಾರದು.

"ಕೂರಬೇಕೋ ಹೋಗಬೇಕೋ ಅಂತ ಕೇಳುತ್ತಿದ್ದಾರೆ, ಸಾಬ್."

ಸಾಹೇಬರು ಒಮ್ಮೆ ಯಂತ್ರವನ್ನು, ಒಮ್ಮೆ ಗೋಡೆಯನ್ನು ನೋಡುತ್ತಾರೆ. ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಾರೆ. "ಕೂರುವುದಕ್ಕೆ ಹೇಳು," ಎಂದು ಮೆಟ್ಟಿಲ ಕಡೆ ತಿರುಗಿ, "ಮುಂದಿನ ಸಲ ಮೊದಲೇ ಹೇಳಬೇಕು" ಎನ್ನುತ್ತಾರೆ. ಮೊದಲೇ ಹೇಳಿದ್ದೆ ಎಂದು ಬಂದೇಅಲಿ ನೆನಪಿಸುವುದಿಲ್ಲ.

"ಕೂಡ್ರೆವ್ವಾ, ಕೂಡ್ರಿ!" ಎಂದು ಗೋಡೆಯಾಚೆಗೆ ಕೂಗಿ ಅವರು ನೀರು ಬಿಡುವ ಚಾವಿಗೆ ಕೈ ಹಾಕುತ್ತಾರೆ.

ಚಾವಿ ತಿರುವಿದೊಡನೆ ನೀರು ಕಾಲುವೆಗೆ ನುಗ್ಗುತ್ತದೆ. ದಡದ ಫರಸಿಗಳ ಮೇಲೆ ಕೌದಿಗಳು ಬಡಿಸಿಕೊಳ್ಳತೊಡಗುತ್ತವೆ, ನೊರೆ ಹಳ್ಳದವರೆಗೂ ತೇಲಿಹೋಗುತ್ತದೆ. ಬಂದೇಅಲಿಯವರ ಹೆಂಡತಿ ಜೈಬುನ್ನೀಸಾ ಅವರದು ಸಾಲಿನ ಕೊನೆಯ ಜಾಗ. ಗಂಡನ ಹಳೆಯ ಖಾಕಿ ಅಂಗಿಗಳ ಕೌದಿಯನ್ನು ತುಳಿಯುತ್ತ ಅವರು ಪಕ್ಕದವಳಿಗೆ ಕೇಳುವಂತೆ ಹೇಳುತ್ತಾರೆ: "ಇವರ ಹೌಜಿನಾಗ ನಮಗ ಕಡೀ ನೀರು ನೋಡವ್ವ. ಮಂದಿ ಕೊಳಿ ಎಲ್ಲಾ ಹರದು ಬಂದ ಮ್ಯಾಲ."

"ಖಾಕಿಗೆ ಕೊಳಿ ಕಾಣಲ್ಲ ಬಿಡು," ಎನ್ನುತ್ತ ಬಂದೇಅಲಿ ಕುಂಟುತ್ತ ದಡಕ್ಕೆ ಬರುತ್ತಾರೆ.

ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೇ ಇದೆ. ಆಸೆ ಏನೆಂದು ಕೇಳಿದರೆ ಅವರು ಯಂತ್ರದ ಕಡೆ ಕೈ ಮಾಡುತ್ತಾರೆ. "ಅದೂ ಇರ್ಲಿ ಪಾಪ, ದುಡೀತದ. ಮಾನೌಮಿ ಮುಂದ ಎರಡು ದಿನ ಅದಕ್ಕೂ ಸುಟ್ಟಿ ಕೊಟ್ರ ಸಾಕು."

ಮಧ್ಯಾಹ್ನದ ಹೊತ್ತಿಗೆ ಭಾಗಮ್ಮನ ಕೌದಿ ಜಾಲಿಪೊದೆಯ ಮೇಲೆ ಒಣಗಿದೆ. ಬೆಳ್ಳಗಾದ ಕಡೆಯಲ್ಲೆಲ್ಲ ಆಕೆ ಎಂದೋ ಹೊಸ ಕೆಂಪು ತುಂಡು ಹಚ್ಚಿದ್ದಾಳೆ. ಬಂದೇಅಲಿ ಅದರ ಒಂದು ಮೂಲೆಯನ್ನು ಬಿಸಿಲಿಗೆ ಹಿಡಿದು, ಅತ್ತ ಮಗುಚಿ ಇತ್ತ ಮಗುಚಿ ನೋಡುತ್ತಾರೆ. ಪ್ರತಿ ವರ್ಷ ಹೀಗೆ ನೋಡದೆ ಅವರು ಊಟಕ್ಕೆ ಏಳುವುದಿಲ್ಲವಂತೆ.

"ಕೆಂಪು ಕೆಂಪೇ ಅದರಿ," ಎನ್ನುತ್ತಾರೆ. ಆಮೇಲೆ ಮೂಲೆಯನ್ನು ಮೊದಲಿದ್ದಂತೆಯೇ ಹರವಿ, ಬರಿದಾದ ಹೌಜಿನ ಸಂದುಗಳಿಗೆ ಗಾರೆ ತುಂಬಲು ಹೊರಡುತ್ತಾರೆ.