ಅಕ್ಕಚ್ಚಿನ ಬಣ್ಣದ ಹೊಳೆ

ಮೊನ್ನೆ ಆಂಟಾಪ್ ಹಿಲ್‌ನ ಅಕ್ಕನ ಮನೆಗೆ ಹೋದಾಗ ಅವಳು ಅಕ್ಕಿ ತೊಳೆಯುತ್ತಿದ್ದಳು. ಪಾತ್ರೆ ಓರೆಯಾಯಿತು, ಬಿಳಿ ನೀರು ಸಿಂಕಿಗೆ ಇಳಿಯಿತು. ನಮ್ಮ ಕಡೆ ಅದಕ್ಕೆ ಅಕ್ಕಚ್ಚು ಎನ್ನುತ್ತಾರೆ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಕ್ಕ ನೋಡಿ, ನಲ್ಲಿ ತಿರುಗಿಸಿ ಸಿಂಕು ತೊಳೆದುಬಿಟ್ಟಳು.

ಭಾವ ಮಾಟುಂಗದ ಒಂದು ಉಡುಪಿ ಹೋಟೆಲಿನ ಅಡಿಗೆಮನೆ ನೋಡಿಕೊಳ್ಳುತ್ತಿದ್ದರು. ಜನ್ಮವಿಡೀ ಹಬೆಯಲ್ಲಿ ಬೆಂದವರಿಗೆ ಒಮ್ಮೆ ಹಿಮ ನೋಡುವ ಆಸೆ. ಹೋದ ವರ್ಷ ಲಾಹೌಲ್ ಕಣಿವೆಗೆ ಹೊರಟೆವು: ಅಕ್ಕ, ಭಾವ, ಅವರ ಮಗಳು ಶ್ರೇಯಾ, ನಾನು. ಭಾಂಡುಪ್ ಸ್ಟೇಷನ್ನಿನ ಮೆಟ್ಟಿಲಿಗೇ ಏದುಸಿರು ಬಿಡುವ ನನ್ನನ್ನು ಯಾಕೆ ಕರೆದರೋ. ಬಹುಶಃ ಸಾಮಾನು ಕಾಯಲು.

ನಾವು ಉಳಿದುಕೊಂಡ ಹಳ್ಳಿಯ ಪಕ್ಕದಲ್ಲೇ ಹಿಮನದಿಯ ಬುಡದಿಂದ ಹೊರಟ ಹೊಳೆ. ಹಿಮ ಕರಗಿದ ನೀರೆಂದರೆ ಗಾಜಿನಂತಿರುತ್ತದೆಂದು ನೀವೂ ಎಣಿಸಿರಬಹುದು, ನಾವೂ ಎಣಿಸಿದ್ದೆವು. ಅದು ಬೂದುಬಿಳಿಯಾಗಿತ್ತು.

"ಇದೆಂಥದು ಮಾರಾಯ, ಮೇಲೆ ಯಾರಾದ್ರೂ ಕೂತು ಅಕ್ಕಿ ತೊಳೀತಿದ್ದಾರಾ?" ಎಂದರು ಭಾವ.

ಕಾಲೇಜಿನಲ್ಲಿ ಭೂಗೋಳ ಓದುವ ಶ್ರೇಯಾ ನಕ್ಕಳು. "ಅಕ್ಕಿ ಅಲ್ಲ ಪಪ್ಪಾ, ಪತ್ಥರ್. ಗ್ಲೇಸಿಯರ್ ಪೂರಾ ಪಹಾಡ್ ಪೀಸ್ತಾ ಹೈ, ಬೆಟ್ಟಾನೇ ಅರೀತದೆ. ಇದು ಕಲ್ಲಿಂದು ಹಿಟ್ಟು."

"ಐಸಿಗೆ ಹಲ್ಲುಂಟಾ?"

"ಅದರ ಕೆಳಗೆ ಕಲ್ಲು ಸಿಕ್ಕಿಕೊಂಡಿರ್ತದೆ ನಾ. ಅದೇ ಹಲ್ಲು."

"ಹಾಗಾದ್ರೆ ನಮ್ಮ ಗ್ರೈಂಡರೇ. ಉದ್ದು ಹಾಕೂದು ಮಾತ್ರ ಬಾಕಿ."

ಮೇಲಿನ ದಾರಿಯಲ್ಲಿ ಅವಳು ತೋರಿಸಿದ ಬಂಡೆಯ ಮೇಲೆ ಕೈಯಾಡಿಸಿದೆ. ನುಣುಪು, ನಡುವೆ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಹಿಮ ಹಿಂದೆ ಸರಿದಲ್ಲೆಲ್ಲ ಅದು ಹೊತ್ತು ತಂದ ಬಂಡೆ, ಜಲ್ಲಿ, ಮಣ್ಣು ಎರಡೂ ಬದಿಗೆ ದಿಬ್ಬವಾಗಿ ನಿಂತಿತ್ತು. ಹುಲ್ಲಿಲ್ಲ, ಬೇರಿಲ್ಲ. ಮೊದಲು ಹಿಮವೇ ಒತ್ತಿ ಹಿಡಿದಿತ್ತು, ಈಗ ಹಿಡಿದಿಡುವಂಥದು ಏನೂ ಇಲ್ಲ ಎಂದು ಶ್ರೇಯಾ ವಿವರಿಸಿದಳು. ಕೇಳಿಸಿಕೊಂಡು ನಾವು ಫೋಟೋ ತೆಗೆದೆವು.

ನೆಂಟರಿಗೆಲ್ಲ ಹಂಚಬೇಕೆಂದು ಭಾವ ಹೊಳೆಯ ನೀರನ್ನು ಕ್ಯಾನಿನಲ್ಲಿ ತುಂಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ತಳದಲ್ಲಿ ನುಣ್ಣನೆಯ ಬೂದು ಕೆಸರು. "ಇದನ್ನು ಯಾರಿಗೆ ಕೊಡೂದು? ತಿಳಿ ನೀರು ಸಿಕ್ತದಾ ನೋಡ್ತೇನೆ" ಎಂದು ಅದನ್ನು ಚೆಲ್ಲಿ, ಖಾಲಿ ಕ್ಯಾನ್ ಹಿಡಿದು ಹೊಳೆಗಿಳಿದರು.

ನಾನು ಎತ್ತರದ ದಂಡೆಯಲ್ಲಿದ್ದೆ. ಹೊಳೆ ಬಹಳ ಸಣ್ಣದಾಗಿತ್ತು. "ಇವತ್ತು ನೀರು ಕಡಿಮೆ ಉಂಟು, ನಡುವಿನವರೆಗೂ ಹೋಗಬಹುದು" ಎಂದು ಭಾವ ಕೂಗಿ ಹೇಳಿದರು. ಒಳ್ಳೆಯದೇ ಆಯಿತು ಎಂದುಕೊಂಡೆ. ಮೇಲೆ ದಿಬ್ಬ ಜಾರಿ ಹೊಳೆಗೆ ಅಡ್ಡ ಬಿದ್ದಿತ್ತು, ನೀರು ಅದರ ಹಿಂದೆ ಕಟ್ಟಿ ನಿಂತಿತ್ತು ಎಂದು ಊರಿನವರು ಹೇಳಿದ್ದು ಆಮೇಲೆ.

ಮೊದಲು ಬಂದದ್ದು ಸದ್ದು. ಬಿಲ್ಡಿಂಗ್ ಕಟ್ಟುವಲ್ಲಿ ಲಾರಿ ಜಲ್ಲಿ ಸುರಿಯುತ್ತದಲ್ಲ, ಅಂಥದು, ಆದರೆ ನಿಲ್ಲದ್ದು. ಆಮೇಲೆ ಒಡೆದ ಕಲ್ಲಿನ ವಾಸನೆ. ತಿರುವಿನಲ್ಲಿ ಕಂಡದ್ದು ನೀರಲ್ಲ. ಎದ್ದು ನಡೆದು ಬರುವ ಕೆಸರು, ಅದರ ಮೇಲೆ ತೇಲಿದಂತೆ ಬಂಡೆಗಳು. ಭಾವ ತಲೆ ಎತ್ತಿ ನೋಡಿದರು. ನಾನು ಕೂಗಿದೆನೋ ಇಲ್ಲವೋ, ಈಗಲೂ ಖಾತ್ರಿಯಿಲ್ಲ. ಮತ್ತೆ ನೋಡಿದಾಗ ಅವರು ನಿಂತಿದ್ದ ಜಾಗವೇ ಇರಲಿಲ್ಲ.

ದೇಹ ಸಿಗಲಿಲ್ಲ. ದರ್ಭೆಯಲ್ಲಿ ಆಕೃತಿ ಮಾಡಿ ಕ್ರಿಯೆ ನಡೆಸಬಹುದೆಂದು ಮಾಟುಂಗದ ಭಟ್ಟರು ಹೇಳಿದರು. ಅಕ್ಕ ಒಪ್ಪಲಿಲ್ಲ. "ಇವರು ಎಲ್ಲಿದ್ದಾರಂತಲೇ ಗೊತ್ತಿಲ್ಲ. ಎಂಥ ಕ್ರಿಯೆ?" ಎಂದಳು. ಅದನ್ನೇ ಹೇಳುತ್ತ ವರ್ಷವಾಗುತ್ತ ಬಂದಿತ್ತು.

ಮೊನ್ನೆ ಊಟಕ್ಕೆ ಕೂತಾಗ ಅವಳು ಇದ್ದಕ್ಕಿದ್ದಂತೆ ಮಗಳನ್ನು ಕೇಳಿದಳು. "ಆ ಕಲ್ಲಿನ ಹಿಟ್ಟೆಲ್ಲ ಎಲ್ಲಿಗೆ ಹೋಗ್ತದೆ?"

"ಚಂದ್ರಾ ನದಿಗೆ. ಫಿರ್ ಚಿನಾಬ್, ಫಿರ್ ಪಾಕಿಸ್ತಾನ್, ಸಿಂಧು. ಲಾಸ್ಟಿಗೆ ಸಮುದ್ರ."

"ಯಾವ ಸಮುದ್ರ?"

"ನಮ್ಮದೇ ಅಮ್ಮ. ದಾದರ್ ಬೀಚಿಂದು. ಸೇಮ್." ಮತ್ತೆ ಸೇರಿಸಿದಳು, "ಸಬ್ ನಹೀಂ. ಡ್ಯಾಮಲ್ಲಿ ತುಂಬಾ ನಿಲ್ತದೆ. ಥೋಡಾ ಬರ್ತದೆ. ಬಹಳ ವರ್ಷ ಆಗ್ತದೆ."

ಅನ್ನ ಕಲಸುತ್ತಿದ್ದ ಅಕ್ಕನ ಕೈ ನಿಂತಿತು. ಸಮಾಧಾನಕ್ಕೆಂದು ಮಗಳು ಸುಳ್ಳು ಹೇಳಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಅದೇ ಇರಬೇಕು.

"ಭಟ್ರಿಗೆ ಫೋನ್ ಮಾಡು" ಎಂದಳು ನನಗೆ. "ದಾದರಲ್ಲೇ ಮಾಡುವ. ಅವರನ್ನ ಇನ್ನು ಕಾಯಿಸೂದು ಬೇಡ."

ಅಕ್ಕ ಎಂದೂ ಗಂಡನ ಹೆಸರು ಹೇಳಿದವಳಲ್ಲ. ಎದುರಿಗಿದ್ದರೂ 'ಇವರು', ಹೋಟೆಲಿನಲ್ಲಿದ್ದರೂ 'ಇವರು', ಈ ವರ್ಷವಿಡೀ 'ಇವರು'. ಭಾವನನ್ನು 'ಅವರು' ಎಂದದ್ದು ಅದೇ ಮೊದಲು. ಶ್ರೇಯಾಳ ಅರೆಬರೆ ಕನ್ನಡಕ್ಕೆ ಆ ಒಂದು ಅಕ್ಷರ ಕೇಳಿಸಿತೋ ಇಲ್ಲವೋ. ನಾನು ಎಡಗೈಯಲ್ಲಿ ಫೋನ್ ಎತ್ತಿಕೊಂಡು ಭಟ್ಟರ ನಂಬರು ಹುಡುಕತೊಡಗಿದೆ.