ರಸ್ತೆಯ ಭತ್ತಕ್ಕೆ ಸಮುದ್ರದ ಮಳೆ

ಇದನ್ನು ಬರೆಯಲು ಎಷ್ಟೋ ಸಲ ಕುಳಿತು, ಏನೋ ನೆವ ಮಾಡಿಕೊಂಡು ಎದ್ದಿದ್ದೇನೆ.

ಗಂಗಾವತಿ ಹತ್ತಿರದ ನಮ್ಮೂರಲ್ಲಿ ಕೊಯ್ದ ಭತ್ತವನ್ನು ರಸ್ತೆಯ ಅಂಚಿನಲ್ಲೇ ಹರವಿ ಒಣಗಿಸುತ್ತೇವೆ. ಅಂದು ನನ್ನ ಭತ್ತದ ಪಕ್ಕದಲ್ಲೇ ನಮ್ಮ ಓಣಿಯ ಹೆಣ್ಣುಮಗಳೊಬ್ಬಳದೂ ಇತ್ತು. ಗಂಡ ತೀರಿಹೋದ ಮೇಲೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಹಿಡಿದು ಆಕೆ ಬೆಳೆದ ಮೊದಲ ಬೆಳೆ. ಮಧ್ಯಾಹ್ನ ಮೊಬೈಲ್ ಹಿಡಿದು ಓಡಿ ಬಂದಳು.

"ಕಾಕಾ, ಸಮುದ್ರದಾಗ ತೂಫಾನ್ ಎದ್ದೈತಂತರಿ. ಭತ್ತ ಗುಡ್ಡಿ ಹಾಕಿ ಮುಚ್ಚಿಬಿಡ್ಲೇನು?"

ನಾನು ನಕ್ಕುಬಿಟ್ಟೆ. "ಸಮುದ್ರ ಎಲ್ಲೈತಿ, ನಾವೆಲ್ಲಿ ಅದೀವಿ ಹುಚ್ಚಿ? ನಾವು ಡ್ಯಾಮಿನ ನೀರಿನ ಮಂದಿ. ಇನ್ನೊಂದು ಬಿಸಲು ಬೀಳ್ಲಿ, ಸುಮ್ನ ಮನಿಗೆ ಹೋಗು."

ಹಿರಿಯನ ಮಾತೆಂದು ನಂಬಿ ಹೋದಳು. ಸಂಜೆ ಪೂರ್ವದ ಮೋಡ ನೋಡಿ ನನಗೇ ಭಯವಾಯಿತು. ನನ್ನ ಭತ್ತ ಒಟ್ಟಿ ತಾಡಪತ್ರಿ ಹೊದಿಸಿದೆ. ಆಕೆಯ ಮನೆ ಕೂಗಳತೆಯಲ್ಲಿತ್ತು. ನಕ್ಕವನು ಈಗ ಹೇಗೆ ಕರೆಯಲಿ ಎಂದು ನಾಚಿ, ಕರೆಯಲಿಲ್ಲ.

ರಾತ್ರಿಯಿಡೀ ಸುರಿಯಿತು, ಮಳೆ ಹಲವು ದಿನ ಬಿಡಲಿಲ್ಲ. ಆಕೆಯ ಭತ್ತ ಚರಂಡಿಗೆ ಹರಿಯಿತು, ಉಳಿದದ್ದು ಮೊಳಕೆಯೊಡೆಯಿತು. ಅದನ್ನು ಬೊಗಸೆಯಲ್ಲಿ ಹಿಡಿದು ಆಕೆ ನನ್ನ ತಾಡಪತ್ರಿಯತ್ತ ನೋಡಿದಳು.

"ಕಾಕಾ, ನಿಮಗ ಗೊತ್ತಾಗಿತ್ತಲ್ರಿ."

ಲಾವಣಿಯ ಹಣ ಕಟ್ಟಲಾಗದ್ದರಿಂದ ಮುಂದಿನ ಹಂಗಾಮಿಗೆ ಆಕೆಗೆ ಯಾರೂ ಹೊಲ ಕೊಡಲಿಲ್ಲ. ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಳು. ಎಲ್ಲಿದ್ದಾಳೋ ಯಾರಿಗೂ ತಿಳಿಯದು. ನಮ್ಮ ಡ್ಯಾಮ್ ತುಂಬುವ ಮಳೆಯೂ ಸಮುದ್ರದಿಂದಲೇ ಬರುತ್ತದೆಂದು ನಾನು ಹೈಸ್ಕೂಲಿನಲ್ಲಿ ಓದಿದ್ದೆ. ಓದಿದ್ದರಿಂದ ಏನೂ ಆಗಲಿಲ್ಲ. ಈಗ ಸುದ್ದಿಯಲ್ಲಿ ವಾಯುಭಾರ ಕುಸಿತ ಎಂದೊಡನೆ ಟಿ.ವಿ. ಆರಿಸಿಬಿಡುತ್ತೇನೆ. ತಪ್ಪಾಯಿತೆಂದು ನಾನು ಒಮ್ಮೆಯೂ ಹೇಳದ ಆಕೆಯ ಹೆಸರು ಖಾಸಿಂಬಿ.